ಉಪ್ಪಳದವನನ್ನು ಬಿಟ್ಟು ಹೋಗುವುದು ಬೇಡ

ಬದಿಯಡ್ಕ
ಜುಲೈ 28

ಪ್ರೀತಿಯ ಗೆಳೆಯಾ,

ನೀನು ಬೆಂಗಳೂರಿನಿಂದ ಕಳುಹಿಸಿದ ಬಾಲಿ ಪ್ಯಾಕೇಜಿನ ಚಿತ್ರಗಳನ್ನೆಲ್ಲ ನೋಡಿದೆ. ಚೆಂದ ಉಂಟು, ಇಲ್ಲವೆನ್ನುವುದಿಲ್ಲ. ಇಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲದ ಮದ್ದು ಬಿಡಲು ಒಂದು ಹೊತ್ತಿನ ಬಿಸಿಲಿಗಾಗಿ ಕಾಯುತ್ತಾ ಜಗಲಿಯಲ್ಲಿ ಕೂತಿದ್ದೇನೆ. ಬೇರೆ ಕೆಲಸವಿಲ್ಲದ್ದರಿಂದ, ಈ ಸಲದ ಟೂರಿಗೆ ನಾವು ಎಂಟು ಮಂದಿ ಗೆಳೆಯರು ಯಾವ ದ್ವೀಪಕ್ಕೆ ಹೋಗುವುದು ಎಂಬ ನಿನ್ನ ಪ್ರಶ್ನೆಗೆ ಕೂಲಂಕಷವಾಗಿಯೇ ಉತ್ತರ ಬರೆಯುವ ಎಂದು ಕಾಗದ ತೆಗೆದೆ.

ದ್ವೀಪಕ್ಕೆ ಹೋಗುವ, ಎಂಟೂ ಮಂದಿ ಹೋಗುವ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಖರ್ಚಿನ ಲೆಕ್ಕ ಎಲ್ಲಿಂದ ಶುರು ಮಾಡುವುದು ಎನ್ನುವುದರಲ್ಲಿ ನನ್ನ ಹಟ ಒಂದುಂಟು. ಅದಕ್ಕೆ ಕಾರಣವನ್ನು ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ವಲಿಯಪರಂಬದ ಹಿನ್ನೀರಿನಲ್ಲಿ ದೋಣಿಮನೆ ಮಾಡಿದ್ದು ನೆನಪುಂಟಲ್ಲ? ರಾತ್ರಿ ಕರಿಮೀನು, ಸಿಗಡಿ ಎಂದು ನೀವೆಲ್ಲ ಹೇಳಿ ಮಾಡಿಸಿದಿರಿ. ನಮ್ಮ ಉಪ್ಪಳದ ಟೈಲರ್ ಮಾತ್ರ ಹಸಿವಿಲ್ಲ ಎಂದು ಬೇಗ ಎದ್ದ. ನಡುರಾತ್ರಿ ನನಗೆ ಎಚ್ಚರವಾದಾಗ ಅವನು ದೋಣಿಯ ಹಿಂಬದಿಯಲ್ಲಿ ಕೂತಿದ್ದ. ಮೊಬೈಲನ್ನು ಮಗುಚಿ ಇಟ್ಟು, ಅದರ ಅಂಚಿನಿಂದ ಸೋರುವ ಬೆಳಕಿನಲ್ಲಿ, ಮನೆಯಿಂದ ತಂದ ಅವಲಕ್ಕಿಯನ್ನು ಪ್ಲಾಸ್ಟಿಕ್ ತೊಟ್ಟೆಯಿಂದ ಚಿಟಿಕೆ ಚಿಟಿಕೆಯಾಗಿ ತಿನ್ನುತ್ತಿದ್ದ. ತೊಟ್ಟೆ ಸರಸರ ಸದ್ದು ಮಾಡಿದಾಗಲೆಲ್ಲ ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಮರುದಿನ ಬಿಲ್ಲು ಬಂದಾಗ ನಾವು ಎಂದಿನಂತೆ ತಲೆ ಎಣಿಸಿ ಹಂಚಿದೆವು. ಅವನು ತಿನ್ನದ ಮೀನಿಗೂ ಅವನಿಂದ ದುಡ್ಡು ತೆಗೆದುಕೊಂಡೆವು. ಕಳೆದ ವರ್ಷದ ಟೂರಿಗೆ ಅವನು ಬರಲಿಲ್ಲ, ಮದುವೆ ಸೀಸನ್, ಹೊಲಿಗೆ ತುಂಬ ಉಂಟು ಎಂದ. ಆ ವಾರ ಅವನ ಅಂಗಡಿಗೆ ಹೋಗಿದ್ದೆ ಮಾರಾಯ. ಹ್ಯಾಂಗರಿನಲ್ಲಿ ಎರಡು ಬ್ಲೌಸು ಬಿಟ್ಟು ಬೇರೇನೂ ಇರಲಿಲ್ಲ.

ಹಾಗಾಗಿ ಈ ಸಲ ನಮ್ಮ ಬಜೆಟ್ ಎಂದರೆ ಅವನ ಬಜೆಟ್. ಅವನಿಗೆ ಎಷ್ಟು ಆಗುತ್ತದೋ ಅಲ್ಲಿಂದ ಊರನ್ನೂ ರೂಮನ್ನೂ ಹುಡುಕುವ. ಊರು ಮೊದಲು ಗೊತ್ತು ಮಾಡಿ ಆಮೇಲೆ ಅವನನ್ನು ಕೇಳುವುದು ಬೇಡ. ಮೂವರಿಗೆ ಪಾಸ್‌ಪೋರ್ಟೇ ಇಲ್ಲದಿರುವಾಗ ಬಾಲಿಯ ಮಾತನ್ನು ಇಲ್ಲಿಗೇ ಬಿಡುವ.

ಮನಸ್ಸು ಎಳೆಯುವುದು ಲಕ್ಷದ್ವೀಪದ ಕಡೆಗೆ. 1956ರ ನವೆಂಬರ್ ಒಂದರವರೆಗೆ ನಮ್ಮ ಕಾಸರಗೋಡು ಹೇಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತೋ, ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳೂ ಹಾಗೆಯೇ ಅದೇ ಜಿಲ್ಲೆಯಲ್ಲಿದ್ದವು. ಅವಕ್ಕೂ ನಮಗೂ ಕಲೆಕ್ಟರ್ ಕಚೇರಿ ಮಂಗಳೂರಿನಲ್ಲೇ. ದ್ವೀಪದವರು ಓಡವೆಂಬ ಹಾಯಿದೋಣಿಯಲ್ಲಿ ತೆಂಗಿನ ಹುರಿ ತಂದು ಮಂಗಳೂರು ಬಂದರಿನಲ್ಲಿ ಇಳಿಸಿ ಅಕ್ಕಿ ಒಯ್ಯುತ್ತಿದ್ದದ್ದನ್ನು ನಮ್ಮ ಅಜ್ಜ ಹೇಳುತ್ತಿದ್ದರು. ಒಂದೇ ದಿನ ನಾವು ಕೇರಳಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ ಸೇರಿದರು. ಒಂದೇ ಮನೆಯಿಂದ ಪಾಲಾಗಿ ಹೋದವರ ಹಾಗೆ ನನಗೆ ಕಾಣುತ್ತದೆ. ಮಿನಿಕಾಯ್ ಬಿಟ್ಟರೆ ಉಳಿದ ದ್ವೀಪಗಳಲ್ಲಿ ಆಡುವುದು ಮಲಯಾಳದ್ದೇ ಒಂದು ಬಗೆ, ಮಾತಿಗೂ ತೊಂದರೆಯಿಲ್ಲ. ಆದರೆ ಅಲ್ಲಿಗೆ ಕಾಲಿಡಲು ಪರ್ಮಿಟ್ ಬೇಕು, ನಮ್ಮಂಥವರು ಹೆಚ್ಚಾಗಿ ಸರಕಾರಿ ಪ್ಯಾಕೇಜಿನಲ್ಲೇ ಹೋಗಬೇಕು, ಹಡಗು ಹತ್ತಲು ಸಾಮಾನ್ಯವಾಗಿ ಕೊಚ್ಚಿಗೇ ಹೋಗಬೇಕು. ಅಲ್ಲಿ ನಾವು ಹೇಳಿದ ರೇಟಿಗೆ ರೂಮು ಹುಡುಕುವುದು, ಅಗ್ಗದ ಹೋಟೆಲಿನಲ್ಲಿ ಉಣ್ಣುವುದು ನಡೆಯುವುದಿಲ್ಲ. ಉಳಿಸಲು ದಾರಿಯೇ ಇಲ್ಲದ ಊರಿಗೆ ಈ ಗುಂಪನ್ನು ಕರೆದುಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕದ್ಮತ್‌ಗೆ ನಾನು ಮುಂದೆಂದಾದರೂ ಹೋಗಿಯೇ ಹೋಗುತ್ತೇನೆ, ಅದು ಬೇರೆ.

ಅಂಡಮಾನಿಗೆ ಹೋಗುವ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಈ ಮೂರಕ್ಕೂ ನಮಗೆ ಪರ್ಮಿಟ್ ಬೇಡ. ಟಿಕೇಟು ಹುಡುಕುವಾಗ ಗಲಿಬಿಲಿ ಮಾಡಿಕೊಳ್ಳಬೇಡ, ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. 2018ರಲ್ಲಿ ಹೆಸರು ಬದಲಾಯಿತು. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ.

ಯಾವಾಗ ಹೋಗುವುದು ಎನ್ನುವುದರಲ್ಲೇ ಅರ್ಧ ದುಡ್ಡು ಉಳಿಯುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಅಲ್ಲಿ ಎಲ್ಲದಕ್ಕೂ ರೇಟು ಏರಿರುತ್ತದೆ, ಇಲ್ಲಿ ನನಗೆ ಅಡಿಕೆ ಕೊಯ್ಲು. ಓಣಂ ರಜೆಗೆ ಕಡಲು ಕೆಟ್ಟಿರುತ್ತದೆ. ಏಪ್ರಿಲ್ ಮೊದಲ ವಾರ ನೋಡು, ಮಂಜೇಶ್ವರದ ಮಾಷ್ಟ್ರಿಗೆ ಶಾಲೆ ಮುಗಿದಿರುತ್ತದೆ, ನನ್ನ ಕೊಯ್ಲು ಮುಗಿದಿರುತ್ತದೆ, ಏಪ್ರಿಲ್ ಮಧ್ಯದ ಬಿಸು ಹಬ್ಬಕ್ಕೆ ಕಣಿ ಇಡುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರಬಹುದು. ಅಂಡಮಾನಿಗೆ ಮಳೆಗಾಲ ನಮಗಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಹಿಡಿಯುತ್ತದೆ. ಏಪ್ರಿಲ್ ಶುರುವಿಗೆ ಸೆಕೆ ಉಂಟು, ಆದರೆ ಕಡಲು ಸಾಮಾನ್ಯವಾಗಿ ಶಾಂತ, ನೀರು ತಿಳಿ.

ಚೆನ್ನೈಯಿಂದ ಹಡಗಿನಲ್ಲಿ ಹೋದರೆ ಅಗ್ಗ ಎಂದು ಕುಂಬಳೆಯವನು ಹೇಳುತ್ತಿದ್ದಾನೆ. ಸುಮಾರು 1,200 ಕಿ.ಮೀ. ಕಡಲು, ಹೆಚ್ಚುಕಡಿಮೆ ಮೂರು ದಿನ. ಹೋಗಿ ಬರಲು ಆರು ದಿನ ನೀರಿನ ಮೇಲೆಯೇ. ಸಂಬಳದ ರಜೆ ಇರುವ ನಿನಗೂ ಮಾಷ್ಟ್ರಿಗೂ ಅದು ಅಗ್ಗವೇ. ರಿಕ್ಷಾ ಓಡಿಸುವ ಕುಂಬಳೆಯವನಿಗೂ ಹೊಲಿಯುವ ಉಪ್ಪಳದವನಿಗೂ ಆರು ದಿನದ ದುಡಿಮೆ ಹೋದರೆ ಆ ಟಿಕೇಟು ವಿಮಾನಕ್ಕಿಂತ ತುಟ್ಟಿಯಾಗಬಹುದು. ಇದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಅವನು ಒಪ್ಪಿದ.

ಕಾಸರಗೋಡಿನಲ್ಲಿ ಚೆನ್ನೈ ಮೇಲ್ ರೈಲು ಹತ್ತಿದರೆ ಮರುದಿನ ಬೆಳಗ್ಗೆ ಚೆನ್ನೈ ಸೆಂಟ್ರಲ್. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಉಂಟು, ಟ್ಯಾಕ್ಸಿ ಬೇಡ. ವಿಮಾನ ಮಾತ್ರ ಮಧ್ಯಾಹ್ನದ್ದೇ ಹಿಡಿಯಬೇಕು, ರೈಲು ತಡವಾದರೆ ಏಳು ಟಿಕೇಟು ನೀರಿನಲ್ಲಿ ಹೋಮ. ನೀನು ಬೆಂಗಳೂರಿನಿಂದ ನೇರ ಹಾರಬಹುದು, ಆದರೆ ಚೆನ್ನೈಗೇ ಬಂದು ಸೇರು. ರೈಲಿನಲ್ಲಿ ಪುಳಿಯೋಗರೆ ಹಂಚಿ ತಿನ್ನುವುದು ಹೇಗೂ ನಿನಗೆ ತಪ್ಪುತ್ತದೆ.

ಲೆಕ್ಕ ಹೀಗೆ. ರೈಲು ಹೋಗಿ ಬರಲು ಸ್ಲೀಪರಿನಲ್ಲಿ ತಲೆಗೆ 1,000. ಚೆನ್ನೈಯಿಂದ ವಿಮಾನ, ನಾನು ನೋಡಿದಾಗ ಎರಡೂ ಕಡೆ ಸೇರಿ 11ರಿಂದ 13 ಸಾವಿರ ತೋರಿಸುತ್ತಿತ್ತು, 12,500 ಎಂದಿಡುವ. ಆರು ರಾತ್ರಿ, ನಾಲ್ವರಿಗೊಂದು ರೂಮು, ದಿನಕ್ಕೆ ತಲೆಗೆ 500ರಂತೆ 3,000. ದ್ವೀಪದಿಂದ ದ್ವೀಪಕ್ಕೆ ಹಡಗು 2,000. ಊಟಕ್ಕೆ 3,000. ಹವಳ ನೋಡಲು 1,000. ಒಟ್ಟು 22,500. ಕೈಕಾಲು ನೋವು, ಬಸ್ಸು, ಸೈಕಲ್ ಬಾಡಿಗೆ ಎಂದು 1,500 ತೆಗೆದಿಟ್ಟರೆ 24,000. ಒಮ್ಮೆಲೇ ಕೇಳಿದರೆ ಉಪ್ಪಳದವನು ಮತ್ತೆ ಹೊಲಿಗೆ ಉಂಟು ಎನ್ನುತ್ತಾನೆ. ಅದಕ್ಕೇ ಆಗಸ್ಟಿನಿಂದ ಮಾರ್ಚ್‌ವರೆಗೆ ತಿಂಗಳಿಗೆ 3,000ದ ಕುರಿ, ಅಂದರೆ ನಿಮ್ಮ ಚೀಟಿ ಫಂಡಿನ ಹಾಗೆ ಒಟ್ಟಿಗೆ ಉಳಿತಾಯ, ಹಾಕುವ, ಎಂಟು ತಿಂಗಳು. ಡಿಸೆಂಬರ್ ಮುಗಿಯುವಾಗ ಪ್ರತಿಯೊಬ್ಬನದೂ 15,000 ಆಗಿರುತ್ತದೆ, ಅದರಲ್ಲಿ ವಿಮಾನದ ಟಿಕೇಟು ತೆಗೆದುಬಿಡುವ. ರೈಲಿನದ್ದು ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಅದು ಫೆಬ್ರವರಿಯ ಕೆಲಸ. ದುಡ್ಡು ಪೆರ್ಲದವನ ಕೈಯಲ್ಲಿ ಇರಲಿ, ಬ್ಯಾಂಕಿನವನು, ಒಂದು ರೂಪಾಯಿಗೂ ಚೀಟಿ ಬರೆಯುತ್ತಾನೆ.

ಬಟವಾಡೆಯ ನಿಯಮ ಇನ್ನು ಹಳೆಯದ್ದಲ್ಲ. ರೂಮು, ಹಡಗು, ಮೂರು ಹೊತ್ತಿನ ಊಟ, ಹೀಗೆ ಮೇಲಿನ ಲೆಕ್ಕದಲ್ಲಿ ಇರುವಷ್ಟು ಮಾತ್ರ ಕುರಿಯ ದುಡ್ಡಿನಿಂದ. ಊಟ ಎಂಟೂ ಮಂದಿ ಒಟ್ಟಿಗೇ ಮಾಡಬೇಕು, ಎಲ್ಲರೂ ಅದನ್ನೇ ಉಣ್ಣಬೇಕು. ಯಾರಿಗಾದರೂ ಬಿಯರ್ ಬೇಕು, ದೊಡ್ಡ ಏಡಿ ಬೇಕು, ಸ್ಕೂಬಾ ಬೇಕು ಅಂದರೆ ಅವರವರ ಕಿಸೆಯಿಂದ.

ಇನ್ನು ಅಲ್ಲಿ ಎಲ್ಲೆಲ್ಲಿ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಸೆಲ್ಯುಲರ್ ಜೈಲು ನೋಡದೆ ಮುಂದೆ ಹೋಗುವುದು ಬೇಡ. 1906ರಲ್ಲಿ ಕಟ್ಟಿ ಮುಗಿಸಿದಾಗ ಏಳು ಸಾಲುಗಳಿದ್ದವು, ಈಗ ಉಳಿದದ್ದು ಮೂರು. ಸ್ವರಾಜ್ ದ್ವೀಪದಲ್ಲಿ ಒಂದೇ ರಾತ್ರಿ, ರಾಧಾನಗರದ ಕಡಲಬದಿಗಾಗಿ. ಅಲ್ಲಿ ರೇಟು ಹೆಚ್ಚು. ಮೂರು ರಾತ್ರಿ ಶಹೀದ್ ದ್ವೀಪದಲ್ಲಿ. ಅದು ಚಿಕ್ಕ ಊರು, ಹೆಚ್ಚಾಗಿ ಬಂಗಾಳಿಗಳು, ತರಕಾರಿ ಬೆಳೆದು ಬೇರೆ ದ್ವೀಪಗಳಿಗೂ ಕಳುಹಿಸುವವರು. ನಮ್ಮ ಪೈಕಿ ಮೀನು ಮುಟ್ಟದ ಇಬ್ಬರಿಗೂ ಅಲ್ಲಿ ಅನ್ನ, ದಾಲ್, ಪಲ್ಯಕ್ಕೆ ಮೋಸವಿಲ್ಲ. ಬಾಡಿಗೆ ಸೈಕಲ್ ಹಿಡಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇರೆ ಗಾಡಿ ಬೇಡ. ಕೊನೆಯ ರಾತ್ರಿ ಪುನಃ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಗಾಳಿ ಎದ್ದರೆ ಹಡಗು ನಿಲ್ಲಿಸಿಬಿಡುತ್ತಾರೆ, ವಿಮಾನ ಕಾಯುವುದಿಲ್ಲ. ದ್ವೀಪಗಳ ನಡುವೆ ಸರಕಾರಿ ಹಡಗು ತುಂಬ ಅಗ್ಗ, ಸೀಟು ಸಿಗುವುದೇ ಕಷ್ಟ. ಸಿಗದಿದ್ದರೆ ಒಂದು ಸಲಕ್ಕಾದರೂ ಖಾಸಗಿ ಹಡಗು ಹಿಡಿಯಲೆಂದು ಆ 2,000 ಇಟ್ಟದ್ದು. ನಗದು ಚೆನ್ನೈಯಲ್ಲೇ ತೆಗೆದುಕೊಳ್ಳುವ, ಚಿಕ್ಕ ದ್ವೀಪದಲ್ಲಿ ಎಟಿಎಂ ನಂಬಿ ಕೂರುವುದು ಬೇಡ.

ಬಾರಾಟಾಂಗಿನ ಸುಣ್ಣದ ಗುಹೆಗೆ ಹೋಗುವ ಎಂದು ನೀನು ಬರೆದದ್ದನ್ನು ನಾನು ತೆಗೆದುಹಾಕಿದ್ದೇನೆ. ಆ ದಾರಿ ಜಾರವಾ ಎಂಬ ಆದಿವಾಸಿ ಜನರ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಪೊಲೀಸ್ ಕಾವಲಿನಲ್ಲಿ ಗಾಡಿಗಳು ಸಾಲಾಗಿ ಹೋಗುತ್ತವೆ, ಫೋಟೋ ತೆಗೆಯಬಾರದು ಎಂದು ಕಾನೂನೇ ಉಂಟು, ಆದರೂ ಕಿಟಕಿಯಲ್ಲಿ ಎಲ್ಲರ ಕಣ್ಣೂ ಅವರನ್ನೇ ಹುಡುಕುತ್ತಿರುತ್ತದೆ. ಬೇರೊಬ್ಬರ ಮನೆಯಂಗಳದಲ್ಲಿ ಹಾಗೆ ಹೋಗಲು ನನಗೆ ಮನಸ್ಸಿಲ್ಲ.

ಖರ್ಚಿನಲ್ಲಿ ಹವಳದ 1,000 ಮಾತ್ರ ಯಾರೂ ಕಡಿತ ಮಾಡಬಾರದು. ತೆಂಗು, ಅಡಿಕೆ, ಬಿಳಿ ಹೊಯ್ಗೆ ನೋಡಲು ನಾವು ಬಂಗಾಳ ಕೊಲ್ಲಿ ದಾಟಬೇಕಿಲ್ಲ, ತೆಂಗು ಅಡಿಕೆ ಅಲ್ಲೂ ಅದೇ. ಹವಳದ ದಿಬ್ಬ ನಮ್ಮ ಕಾಸರಗೋಡಿನ ಕಡಲಬದಿಯಲ್ಲಿಲ್ಲ. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಕೆಂಪು ಕೆಸರು ತಂದು ಸುರಿಯುವುದನ್ನು ನೀನೇ ನೋಡಿದ್ದಿ. ಹವಳ ಬೆಳೆಯಲು ತಿಳಿ ನೀರು ಬೇಕು, ಬಿಸಿಲು ಒಳಗೆ ಇಳಿಯಬೇಕು. ಹಾಗಾಗಿ ಮುಖಕ್ಕೆ ಕನ್ನಡಕ ಕಟ್ಟಿಕೊಂಡು ಎಂಟೂ ಮಂದಿ ಒಮ್ಮೆ ನೀರಿಗೆ ಮುಖ ಹಾಕಲೇಬೇಕು. ಈಜು ಬಾರದ ಮಾಷ್ಟ್ರನ್ನೂ ತೇಲುವ ಬಳೆ ಹಾಕಿ ಕರೆದುಕೊಂಡು ಹೋಗುತ್ತಾರೆ. ಎಲ್ಲೆಂದರಲ್ಲಿ ಇಳಿಯುವುದು ಬೇಡ, ಅಲ್ಲಿ ಉಪ್ಪುನೀರಿನ ಮೊಸಳೆ ಉಂಟು, ಫಲಕ ಹಾಕಿದಲ್ಲಿ ಅದನ್ನು ಮೀರಬಾರದು. ಶಹೀದ್ ದ್ವೀಪದಲ್ಲಿ ತಾನಾಗಿಯೇ ಆದ ಕಲ್ಲುಸೇತುವೆಯ ಹತ್ತಿರ ನೀರು ಇಳಿದ ಹೊತ್ತಿಗೆ ಹೋದರೆ ಗುಂಡಿಗಳಲ್ಲೇ ಹವಳ, ಮೀನು ಕಾಣುತ್ತದಂತೆ, ಅದಕ್ಕೆ ಹೆಚ್ಚು ದುಡ್ಡು ಬೇಡ. ಇಳಿತದ ಗಂಟೆ ಕೇಳಿಕೊಂಡು ಹೋಗಬೇಕು ಅಷ್ಟೆ. ಒಂದು ತುಂಡು ಹವಳವನ್ನೂ ಕಿಸೆಗೆ ಹಾಕಬಾರದು, ಸತ್ತದ್ದಾದರೂ ಸರಿ, ಕಾನೂನು ಬಿಡುವುದಿಲ್ಲ.

ಇನ್ನೊಂದು. ಗಡಿಯಾರ ನಮ್ಮದೇ, ಸೂರ್ಯ ನಮ್ಮವನಲ್ಲ. ನಮಗಿಂತ ಅಷ್ಟು ಮೂಡಲಲ್ಲಿ ಇರುವುದರಿಂದ ಅಲ್ಲಿ ಬೆಳಗ್ಗೆ ಐದಕ್ಕೇ ಬೆಳಕು, ಸಂಜೆ ಐದೂವರೆಗೆ ಮುಳುಗಿಬಿಡುತ್ತದೆ. ಎಂಟಕ್ಕೆ ಎದ್ದು ಹತ್ತಕ್ಕೆ ಹೊರಡುವ ನಿನ್ನ ಅಭ್ಯಾಸ ಅಲ್ಲಿ ನಡೆಯದು, ಕೊಟ್ಟ ದುಡ್ಡಿನ ಅರ್ಧ ದಿನ ನಿದ್ದೆಯಲ್ಲೇ ಹೋಗುತ್ತದೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಉಪ್ಪಳದವನಿಗೆ ನೀನೇ ಫೋನ್ ಮಾಡು. ನಾನು ಹೇಳಿದರೆ ಯಾಕೆ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಾಗಿಬಿಡುತ್ತದೆ. ಅವಲಕ್ಕಿಯ ಸಂಗತಿ ತೆಗೆಯಬೇಡ. ಬೆಂಗಳೂರಿನ ಖರ್ಚಿನಲ್ಲಿ ನಿನಗೇ ಒಮ್ಮೆಲೇ ಕೊಡಲು ಆಗುವುದಿಲ್ಲ, ಅದಕ್ಕೆ ಕುರಿ ಹಾಕುವ ಎಂದು ಕೇಳು. ಮಗಳ ಶಾಲೆಯ ಫೀಸು ಕಟ್ಟಿದ ಮೇಲೆ ನಿನ್ನ ಸ್ಥಿತಿಯೂ ಅದೇ ಎಂದು ಹೋದ ವಾರ ನೀನೇ ಹೇಳಿದ್ದಿ, ಸುಳ್ಳಾಗುವುದಿಲ್ಲ. ಅವನು ಹೂಂ ಎಂದರೆ ಆಗಸ್ಟ್ ಒಂದಕ್ಕೆ ಪೆರ್ಲದವನು ಎಲ್ಲರ ಮೊದಲ ಕಂತು ಎತ್ತುತ್ತಾನೆ.

ರಾತ್ರಿ ಎಂಟರ ನಂತರ ಮಾಡು. ಅದಕ್ಕೆ ಮೊದಲು ಮಿಶಿನಿನ ಸದ್ದಿನಲ್ಲಿ ಅವನಿಗೆ ಫೋನ್ ಕೇಳಿಸುವುದಿಲ್ಲ.

ನಿನ್ನ,
ಬದಿಯಡ್ಕದ ಗೆಳೆಯ