ದರಕು ಗುಡಿಸುವ ಕೈಗಳಿಗಾಗಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಸಾಗರ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಶಾಲಾ ಶಿಕ್ಷಕಿಯ ನಮಸ್ಕಾರಗಳು.

ಮಳೆ ಹಿಂದೆ ಸರಿದಿದೆ, ಅಡಿಕೆ ಕೊಯ್ಲು ಶುರುವಾಗಿದೆ. ಇನ್ನು ಸ್ವಲ್ಪ ದಿನಕ್ಕೆ ಬೆಟ್ಟದಲ್ಲಿ ಎಲೆ ಉದುರತೊಡಗುತ್ತದೆ. ಆಗ ನಮ್ಮೂರಿನ ಹೆಂಗಸರು ಕಲ್ಲಿಯನ್ನು, ಅಂದರೆ ಹಗ್ಗದಿಂದ ಹೆಣೆದ ಬಲೆಯಂಥ ಚೀಲವನ್ನು, ಹೆಗಲಿಗೆ ಹಾಕಿಕೊಂಡು ದರಕಿಗೆ ಹೊರಡುತ್ತಾರೆ. ಮಂಗನ ಕಾಯಿಲೆಯ ಕಾಲವೂ ಅದೇ. ಜನವರಿಯಲ್ಲಿ ಮೊದಲ ಸಾವಿನ ಸುದ್ದಿ ಬಂದ ಮೇಲೆ ಬರೆದರೆ ಪ್ರಯೋಜನವಿಲ್ಲವೆಂದು ಈಗಲೇ ಬರೆಯುತ್ತಿದ್ದೇನೆ.

ದರಕು ಎಂದರೆ ತರಗೆಲೆ. ಬೆಳಗಿನ ಹಾಲು ಕರೆದು, ತಿಂಡಿ ಮುಗಿಸಿ, ನಾಲ್ಕೈದು ಮನೆಯ ಹೆಂಗಸರು ಜೊತೆಯಾಗಿ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು-ದರಕು ತರುವ ಕಾಡು, ಹತ್ತುತ್ತಾರೆ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಬಗ್ಗಿ, ಒಣಗಿದ ಎಲೆಯನ್ನು ಗುಡಿಸಿ ರಾಶಿ ಮಾಡುತ್ತಾರೆ. ರಾಶಿಯನ್ನು ಎರಡೂ ತೋಳಿನಲ್ಲಿ ಎದೆಗವಚಿ ಎತ್ತಿ ಕಲ್ಲಿಗೆ ತುಂಬುತ್ತಾರೆ, ಕಾಲಿನಿಂದ ತುಳಿದು ಒತ್ತುತ್ತಾರೆ, ಆಮೇಲೆ ತಲೆಯ ಮೇಲೆ ಹೊತ್ತು ಇಳಿಯುತ್ತಾರೆ. ಆ ಎಲೆ ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ನಮ್ಮ ತೋಟಗಳು ತಲೆತಲಾಂತರದಿಂದ ಬದುಕಿರುವುದು ಹೀಗೆ. ಈಗ ತಾವೇ ಯೋಚಿಸಿ: ಕಚ್ಚಿ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಎಳ್ಳಿನ ಕಾಳಿಗಿಂತ ಸಣ್ಣದು, ಅದು ಕುಳಿತಿರುವುದು ಅದೇ ತರಗೆಲೆಯ ಮೇಲೆ. ಹೆಂಗಸಿನ ಕೈ, ಎದೆ, ಕುತ್ತಿಗೆ, ನೆತ್ತಿ, ಬರಿಗಾಲು ಎಲ್ಲವೂ ಅದರ ದಾರಿಯಲ್ಲೇ ಇವೆ.

ಇಲಾಖೆಯ ಕರಪತ್ರ ಪ್ರತಿವರ್ಷ ಬರುತ್ತದೆ. ಕಾಡಿಗೆ ಹೋಗಬೇಡಿ, ಹೋದರೆ ಮೈತುಂಬ ಬಟ್ಟೆ ಧರಿಸಿ, ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಇದರಲ್ಲಿ ಒಂದು ಮಾತೂ ತಪ್ಪಲ್ಲ. ಆದರೆ ಕಾಡಿಗೆ ಹೋಗದಿದ್ದರೆ ಕೊಟ್ಟಿಗೆಗೆ ಏನು ಹಾಸಬೇಕು ಎಂದು ಆ ಕಾಗದ ಹೇಳುವುದಿಲ್ಲ. ಬಿಸಿನೀರು ಕಾಯಿಸುವ ಬಚ್ಚಲೊಲೆಗೆ ಸೌದೆ ಬರುವುದು ಅದೇ ಕಾಡಿನಿಂದ, ತರುವವಳು ಅದೇ ಹೆಂಗಸು. ಕಾಡಿನಿಂದ ಬಂದ ಗಂಡನ ಅಂಗಿಯನ್ನು ಕೊಡವಿ ಬಕೆಟ್ಟಿಗೆ ಹಾಕುವವಳೂ ಅವಳೇ. ಈ ಕಾಯಿಲೆ ಗಂಡಸರನ್ನು ಬಿಟ್ಟಿಲ್ಲ. ಸೌದೆಗೆ, ದನ ಹುಡುಕಲು, ಅರಣ್ಯ ಇಲಾಖೆಯ ಕೆಲಸಕ್ಕೆ ಹೋದ ಎಷ್ಟೋ ಗಂಡಸರನ್ನು ನಾವು ಕಳೆದುಕೊಂಡಿದ್ದೇವೆ. ನನ್ನ ದೂರು ಇಷ್ಟೇ: ಕಾಯಿಲೆಯನ್ನು ತಡೆಯುವ ಅರ್ಧ ಕೆಲಸವನ್ನು ಸರ್ಕಾರ ಹೆಂಗಸರ ಮೇಲೆ ಹೊರಿಸಿದೆ, ಆದರೆ ಯೋಜನೆ ಮಾಡುವಾಗ ಅವರನ್ನು ಒಂದು ಮಾತೂ ಕೇಳಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ವೈರಾಣು ಪತ್ತೆಯಾಯಿತು. ನಮ್ಮ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿದ್ದು ಹೀಗೆ. ಅದಾಗಿ ಆರು ದಶಕಗಳೇ ಕಳೆದಿವೆ. ಇವತ್ತಿಗೂ ಇದಕ್ಕೆಂದೇ ಔಷಧಿಯಿಲ್ಲ. ಜ್ವರ ಇಳಿಸಿ, ದ್ರವ ಕೊಟ್ಟು, ರಕ್ತಸ್ರಾವ ನೋಡಿಕೊಂಡು ದೇಹ ತಾನಾಗಿ ಗೆಲ್ಲುವಂತೆ ಆಸರೆ ಕೊಡುವುದೇ ಚಿಕಿತ್ಸೆ. ಇದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಕೈಗೆ ಬರುವವರೆಗೆ ನಮಗಿರುವುದು ಎಣ್ಣೆ, ಎಚ್ಚರ ಮತ್ತು ಸಕಾಲಕ್ಕೆ ಆಸ್ಪತ್ರೆ.

ಸಕಾಲಕ್ಕೆ ಆಸ್ಪತ್ರೆ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. 2018ರ ಡಿಸೆಂಬರಿನಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಕಾಣಿಸಿಕೊಂಡು ಸಾವಿನ ಮೇಲೆ ಸಾವು ಆದದ್ದು ತಮ್ಮ ಇಲಾಖೆಯ ಕಡತದಲ್ಲಿದೆ. ಆ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಜ್ವರ ಬಂತು. ಮೊದಲ ದಿನ ಪ್ಯಾರಾಸಿಟಮಾಲ್ ನುಂಗಿ ಹಾಲು ಕರೆದಳು. ಎರಡನೆಯ ದಿನ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು. ಆಸ್ಪತ್ರೆಗೆ ಹೊರಡು ಎಂದರೆ, "ಹಸು ಗಬ್ಬವಾಗಿದೆ ಅಕ್ಕ, ಇವತ್ತೋ ನಾಳೆಯೋ ಕರು ಹಾಕುತ್ತದೆ. ನಾನು ಹೋಗಿ ಮಲಗಿದರೆ ನೋಡುವವರು ಯಾರು?" ಎಂದಳು. ನಾಲ್ಕನೆಯ ದಿನ ವಸಡಿನಲ್ಲಿ ರಕ್ತ ಕಂಡಾಗ ಜೀಪು ಹುಡುಕಿದೆವು. ಘಟ್ಟ ಇಳಿದು ದೊಡ್ಡ ಆಸ್ಪತ್ರೆ ಸೇರಿದಳು, ಪುಣ್ಯಕ್ಕೆ ಬದುಕಿದಳು. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕುಳಿತಿದ್ದಾಗ ಅವಳು ನನ್ನ ಕಿವಿಯಲ್ಲಿ ಹೇಳಿದ ಮಾತು ಇಂದಿಗೂ ಮರೆತಿಲ್ಲ: ಜ್ವರ ಬಂದ ಮರುದಿನವೇ ಮುಟ್ಟಾಗಿದ್ದಳು, ಎಂದಿಗಿಂತ ಹೆಚ್ಚು ಹೋಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ. ರಕ್ತಸ್ರಾವವೇ ಈ ಕಾಯಿಲೆಯ ಅಪಾಯದ ಗುರುತಾಗಿರುವಾಗ, ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜ್ವರವೆಂದು ಬಂದ ಪ್ರತಿ ಹೆಂಗಸನ್ನೂ ಮುಟ್ಟಿನ ಬಗ್ಗೆ, ಗರ್ಭದ ಬಗ್ಗೆ ಕೇಳಲೇಬೇಕೆಂಬ ಒಂದು ಸಾಲಿನ ಸುತ್ತೋಲೆ ಹೊರಡಿಸಲು ಏನು ಕಷ್ಟ? ಕೇಳುವವರು ನರ್ಸ್ ಆಗಿರಲಿ, ಮರೆಯಲ್ಲಿ ಕೇಳಲಿ.

ಮುಟ್ಟಿನ ಮಾತನ್ನು ಸಂಕಟದ ಕಾಲದಲ್ಲಿ ಮರೆಯುವುದು ನಮ್ಮ ಸರ್ಕಾರಗಳಿಗೆ ಹೊಸದಲ್ಲ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಅಗತ್ಯ ವಸ್ತುಗಳ ವಿಷಯದಲ್ಲಿ ಸ್ಯಾನಿಟರಿ ಪ್ಯಾಡಿನ ಹೆಸರನ್ನು ಸ್ಪಷ್ಟವಾಗಿ ಹೇಳಲು ಕೇಂದ್ರ ಸರ್ಕಾರಕ್ಕೆ ಮಾರ್ಚ್ 29ರವರೆಗೆ ದಿನ ಬೇಕಾದವು. ಅದಕ್ಕಿಂತ ದೊಡ್ಡ ಮರೆವು ಲಸಿಕೆಯದು. ಕೋವಿಡ್ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಹಾಲೂಡಿಸುವ ತಾಯಂದಿರಿಗೆ ಒಪ್ಪಿಗೆ ಸಿಕ್ಕಿದ್ದು ಮೇ 19ಕ್ಕೆ, ಗರ್ಭಿಣಿಯರಿಗೆ ಜುಲೈ 2ಕ್ಕೆ. ನಡುವೆ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆ ಬಂದುಹೋಯಿತು. ಎಚ್ಚರಿಕೆ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಉತ್ತರ ಹುಡುಕುವ ಕೆಲಸವನ್ನು ಗರ್ಭಿಣಿಯರ ಪಾಲಿಗೆ ಮಾತ್ರ ಕೊನೆಗೆ ಇಟ್ಟದ್ದನ್ನು ಹೇಗೆ ಒಪ್ಪಲಿ? ಮಂಗನ ಕಾಯಿಲೆಯ ಹೊಸ ಲಸಿಕೆಯಲ್ಲಿ ಇದು ಮರುಕಳಿಸಬಾರದು. ಬಸುರಿ, ಬಾಣಂತಿಯರ ಪ್ರಶ್ನೆಯನ್ನು ಪ್ರಯೋಗದ ಹಂತದಲ್ಲೇ ಎತ್ತುವಂತೆ ತಾವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ರಾಜ್ಯದ ಪರವಾಗಿ ಪತ್ರ ಬರೆಯಬೇಕು. ನಮ್ಮಲ್ಲಿ ಬಸುರಿಯರೂ ಕೊಟ್ಟಿಗೆಗೆ ಹೋಗುತ್ತಾರೆ.

ಇನ್ನು ಆಶಾ ಕಾರ್ಯಕರ್ತೆಯರು. ಈ ಕಾಯಿಲೆಗೆ ಕಾಡಿನ ಮಂಗಗಳೂ ಸಾಯುತ್ತವೆ; ಮಂಗ ಸತ್ತಿದೆ ಎಂಬ ಆ ಎಚ್ಚರಿಕೆಯ ಸುದ್ದಿ ಮೊದಲು ಬರುವುದು ಅವರಿಗೆ. ಎಣ್ಣೆ ಹಂಚುವವರು, ಮನೆಮನೆಗೆ ಹೋಗಿ ಜ್ವರ ಇದೆಯೇ ಎಂದು ಕೇಳುವವರು, ರಕ್ತದ ಮಾದರಿಗೆ ರೋಗಿಯನ್ನು ಒಪ್ಪಿಸುವವರು ಅವರು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕೆಂದರೆ ಕಾಡಿನ ಕಾಲುದಾರಿಯೇ ಗತಿ. ನಮ್ಮೂರಿನ ಆಶಾ ಚೀಲದಲ್ಲಿ ಊರಿಗೆಲ್ಲ ಹಂಚುವ ಎಣ್ಣೆ ಇರುತ್ತದೆ, ಅವಳ ಕಾಲಿನಲ್ಲಿ ಹವಾಯಿ ಚಪ್ಪಲಿ ಇರುತ್ತದೆ. ಅವಳನ್ನು ಸರ್ಕಾರ ನೌಕರಳೆಂದು ಕರೆಯುವುದಿಲ್ಲ. ಕೊಡುವುದಕ್ಕೆ ಗೌರವಧನ, ಪ್ರೋತ್ಸಾಹಧನ ಎಂಬ ಹೆಸರು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಯ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕುಳಿತ ಮೇಲೆ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಮಾತು ಮುಖ್ಯಮಂತ್ರಿಗಳಿಂದ ಬಂತು. ಆ ಮಾತು ಪೂರ್ತಿಯಾಗಿ ಕೈ ಸೇರಿತು ಎಂದು ಹೇಳುವ ಒಬ್ಬ ಆಶಾಳನ್ನೂ ನಾನು ಇನ್ನೂ ಕಂಡಿಲ್ಲ. ಅವಳಿಗೇ ಮಂಗನ ಕಾಯಿಲೆ ಬಂದರೆ ಮಲಗಿದಷ್ಟು ದಿನದ ಹಣ ಸಿಗುವುದೇ? ಇದಕ್ಕೆ ಬರಹದಲ್ಲಿ ಉತ್ತರ ಬೇಕು. ಕಾಲಿಗೆ ಗಂಬೂಟು ಬೇಕು, ಅವಳ ಅಳತೆಯದು.

ತಮ್ಮಿಂದ ನಾವು ದೊಡ್ಡದೇನನ್ನೂ ಬೇಡುತ್ತಿಲ್ಲ. ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಮಹಿಳಾ ಗ್ರಾಮಸಭೆ ಎಂಬುದು ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ, ಸಿದ್ದಾಪುರ ತಾಲ್ಲೂಕುಗಳಲ್ಲಿ ಕಾಯಿಲೆ ಕಂಡ ಪ್ರತಿ ಪಂಚಾಯಿತಿಯಲ್ಲೂ ಡಿಸೆಂಬರ್‌ಗೆ ಮೊದಲು ಆ ಸಭೆ ಕರೆಯಿಸಿ. ಯಾವ ಬೆಟ್ಟಕ್ಕೆ ಯಾವ ತಿಂಗಳು ದರಕಿಗೆ ಹೋಗುತ್ತಾರೆ, ಹೋದ ವರ್ಷ ಮಂಗ ಎಲ್ಲಿ ಸತ್ತುಬಿದ್ದಿತ್ತು, ಯಾವ ಕೊಟ್ಟಿಗೆಯಲ್ಲಿ ಉಣುಗು ಹೆಚ್ಚು, ಇದೆಲ್ಲ ಹೆಂಗಸರಿಗೆ ಬಾಯಿಪಾಠ. ಮಂಗ ಸತ್ತ ಜಾಗದ ಸುತ್ತಲ ಬೆಟ್ಟವನ್ನು ಮುಚ್ಚುವುದಾದರೆ, ಮುಚ್ಚಿದಷ್ಟು ದಿನ ಆ ಮನೆಗಳ ಕೊಟ್ಟಿಗೆಗೆ ಪಶುಸಂಗೋಪನಾ ಇಲಾಖೆಯಿಂದ ಒಣಹುಲ್ಲು ಬರಲಿ. ಕೂಲಿಗೆ ದರಕು ತರುವ, ಸ್ವಂತ ತೋಟವಿಲ್ಲದ ಹೆಂಗಸರಿಗೆ ಕಳೆದುಹೋದ ಕೂಲಿ ಸಿಗಲಿ. ಕಾಡಿಗೆ ಹೋಗಬೇಡ ಎಂಬ ಮಾತು ಅವರಿಗೆ ಹಸಿದಿರು ಎಂದೇ ಕೇಳಿಸುತ್ತದೆ. ರೋಗಿಯಾಗಿ ಹೆಂಗಸು ಆಸ್ಪತ್ರೆ ಸೇರಿದರೆ ಜೊತೆಗಿರುವವಳಿಗೆ ಮಲಗಲು ಜಾಗ, ಬಾಗಿಲಿಗೆ ಚಿಲಕವಿರುವ ಶೌಚಾಲಯ ಬೇಕು. ಇಲಾಖೆ ಪ್ರಕಟಿಸುವ ಅಂಕಿಅಂಶದಲ್ಲಿ ಹೆಂಗಸರೆಷ್ಟು, ಅವರಲ್ಲಿ ಗರ್ಭಿಣಿಯರೆಷ್ಟು, ಯಾವ ಕೆಲಸ ಮಾಡುವಾಗ ಉಣುಗು ಹತ್ತಿತು ಎಂಬುದೂ ಇರಲಿ.

ಇನ್ನೊಂದು ಮಾತು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದು ತಮಗೆ ಗೊತ್ತು, ವೈದ್ಯರಿಗೆ ಗೊತ್ತು. ಆದರೆ ಅರಳಗೋಡಿನಲ್ಲಿ ಸಾವುಗಳಾದ ವರ್ಷ ನಮ್ಮ ಕಡೆ ಗುಣವಾಗಿ ಮರಳಿದ ಸೊಸೆಯನ್ನು ತಿಂಗಳುಗಟ್ಟಲೆ ತವರಿನಲ್ಲೇ ಬಿಟ್ಟವರಿದ್ದರು, ಬಾಣಂತಿಯನ್ನು ನೋಡಲು ಬಾರದ ನೆಂಟರಿದ್ದರು. ಕರಪತ್ರದ ಮೊದಲ ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ ಇದನ್ನು ಹಾಕಿಸಿ.

ನಮ್ಮ ಪಂಚಾಯಿತಿಯಲ್ಲಿ ಮಹಿಳಾ ಗ್ರಾಮಸಭೆ ಕರೆಯಬೇಕೆಂದು ಅರ್ಜಿ ಕೊಟ್ಟಿದ್ದೇವೆ. ಅರವತ್ತಮೂರು ಹೆಂಗಸರ ಸಹಿ ಇದೆ, ಅದರಲ್ಲಿ ಹನ್ನೊಂದು ಹೆಬ್ಬೆಟ್ಟು. ದಿನ ಗೊತ್ತಾದ ಕೂಡಲೇ ತಮ್ಮ ಕಚೇರಿಗೆ ತಿಳಿಸುತ್ತೇವೆ. ತಾವೇ ಬಂದರೆ ಸಂತೋಷ. ಬರಲಾಗದಿದ್ದರೆ ನಿರ್ಧಾರ ತೆಗೆದುಕೊಳ್ಳುವ ಅಧಿಕಾರವಿರುವ ಒಬ್ಬರನ್ನು ಕಳುಹಿಸಿ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಬರಲಿ, ಅಷ್ಟು ಹೊತ್ತಿಗೆ ನಮ್ಮವರ ಕೊಟ್ಟಿಗೆ ಕೆಲಸ ಮುಗಿದಿರುತ್ತದೆ.

ಇತಿ,
ಶರಾವತಿ ಹಿನ್ನೀರಿನ ದಂಡೆಯ ಹಳ್ಳಿಯಿಂದ,
ಒಬ್ಬ ನಿವೃತ್ತ ಶಿಕ್ಷಕಿ