ಕಲ್ಲುಮಂಟಪದಲ್ಲಿ ಸ್ಪೀಕರ್ ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ಡಿಸೆಂಬರ್‌ನಲ್ಲಿ ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತಿದೆ. ಎತ್ತರ 1712 ಮೀಟರ್. ನನ್ನ ಮೊಣಕಾಲಿನ ಲೆಕ್ಕದಲ್ಲಿ ಇನ್ನೂ ಜಾಸ್ತಿ. ಗಿರಿಗದ್ದೆ ದಾಟಿದರೆ ದಟ್ಟ ಕಾಡು ಮುಗಿದು ಹುಲ್ಲುಗಾವಲು. ಕಲ್ಲುಮಂಟಪದ ಬಳಿ ಟ್ರೈಪಾಡ್ ಇಟ್ಟು, ಶೇಷಪರ್ವತದ ಮೇಲಿನ ಮಂಜು ಸರಿಯಲಿ ಎಂದು ಮುಕ್ಕಾಲು ಗಂಟೆ ಕಾದೆ. ಸರಿಯಿತು. ಅಷ್ಟರಲ್ಲೇ ಒಂದು ಗುಂಪು ಸ್ಪೀಕರ್‌ನಲ್ಲಿ ಹಾಡು ಹಾಕಿಕೊಂಡು ಬಂತು. ರೀಲ್ಸ್‌ಗಾಗಿ ದಾರಿ ಬಿಟ್ಟು, ಹುಲ್ಲು ತುಳಿದು ಇಳಿಜಾರಿಗೆ ಇಳಿಯಿತು. ಹಾಗೆ ಸವೆದ ಕಡೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಕೊರಕಲು ಬೀಳುತ್ತದೆ. ಇದು ಪುಷ್ಪಗಿರಿ ವನ್ಯಜೀವಿಧಾಮ, ಮದುವೆ ಛತ್ರ ಅಲ್ವಲ್ಲ! ಅರಣ್ಯ ಇಲಾಖೆಯವರು ಬ್ಯಾಗಿನಲ್ಲಿ ಪ್ಲಾಸ್ಟಿಕ್ ಹುಡುಕುವಾಗ ಸ್ಪೀಕರನ್ನೂ ಕೆಳಗೇ ಇಡಿಸಿಕೊಳ್ಳಲಿ. ಫೋಟೊ ಚೆನ್ನಾಗಿಯೇ ಬಂದಿದೆ, ಮೂಲೆಯಲ್ಲೊಂದು ಕೆಂಪು ಟೋಪಿ ಬಿಟ್ಟರೆ.

– ನಿವೃತ್ತ ಮೇಷ್ಟ್ರು, ಪುತ್ತೂರು