ನಾಲಿಗೆ ಅಂಟಿಕೊಂಡ ದಿನ

ಪುಟ್ಟಿ,

ಸೆಮಿನಾರಿಗೆ ನಿಂತಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತೇ ಹೊರಡಲಿಲ್ಲ ಅಂದೆಯಲ್ಲ. "ನಾನು ಬರೀ ಪುಕ್ಕಲು ಕಣಪ್ಪಾ" ಅಂತಲೂ ಅಂದೆ. ಅದನ್ನು ನಾನು ಒಪ್ಪುವುದಿಲ್ಲ. ನಿನ್ನಮ್ಮ ಫೋನು ಕಿತ್ತುಕೊಂಡಿದ್ದರಿಂದ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

ಉಪ್ಪು, ಖಾರದಪುಡಿ ಸವರಿದ ಮಾವಿನಕಾಯಿ ಹೋಳು ಕಚ್ಚಿದರೆ ಕಿವಿಯ ಮುಂದೆ, ದವಡೆಯ ಮೂಲೆಯಲ್ಲಿ ಚುಳ್ ಅನ್ನುತ್ತೆ ಅಲ್ವಾ? ಅಲ್ಲೇ ದೊಡ್ಡದೊಂದು ಜೊಲ್ಲಿನ ಗ್ರಂಥಿ ಇದೆ. ಮೂರನೇ ಕ್ಲಾಸಿನಲ್ಲಿ ಮಂಗನಬಾವು ಬಂದಾಗ ನಿನಗೆ ಊದಿಕೊಂಡಿದ್ದು ಅದೇ. ಸಾರಿನ ಹುಳಿ ತಾಗಿದರೂ ಕಿರುಚುತ್ತಿದ್ದೆ.

ಹುಳಿ ತಾಗಿದ ಸುದ್ದಿ ನಾಲಿಗೆಯಿಂದ ಮಿದುಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿ ಜೊಲ್ಲಿನ ಕೆಲಸಕ್ಕೆಂದೇ ನರಕೋಶಗಳ ಎರಡು ಪುಟ್ಟ ಗುಂಪುಗಳಿವೆ. ಮೇಲಿನ ಗುಂಪಿನ ಅಪ್ಪಣೆ 7ನೇ ಕಪಾಲ ನರದಲ್ಲಿ (ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲೊಂದು) ಇಳಿದು ನಾಲಿಗೆಯ ಕೆಳಗಿನ, ದವಡೆಯ ಕೆಳಗಿನ ಗ್ರಂಥಿಗಳಿಗೆ ಮುಟ್ಟುತ್ತದೆ. ಕೆಳಗಿನ ಗುಂಪಿನದು 9ನೇ ನರದಲ್ಲಿ ಹೊರಟು ಕಿವಿ ಮುಂದಿನ ಗ್ರಂಥಿಗೆ. ನರದ ತುದಿಯಲ್ಲಿ ಅಪ್ಪಣೆ ದಾಟಿಸುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಸುರಿದರೆ ನೀರು ನೀರಾದ ಜೊಲ್ಲು ಬರುತ್ತದೆ. ಹೀಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್!

ಆ 7ನೇ ನರದ ಒಂದು ಎಳೆಯ ಪರಿಚಯ ನನಗೆ ಚೆನ್ನಾಗಿಯೇ ಇದೆ. ಅದು ಕಿವಿತಮಟೆಯ ಬೆನ್ನಿಗೇ ಹಾಯ್ದು ನಾಲಿಗೆಗೆ ಇಳಿಯುತ್ತದೆ. ಹೋಗುವಾಗ ಜೊಲ್ಲಿನ ಅಪ್ಪಣೆ, ಬರುವಾಗ ರುಚಿಯ ಸುದ್ದಿ, ಎರಡಕ್ಕೂ ಅದೇ ದಾರಿ. ನನ್ನ ಎಡಗಿವಿಯ ಆಪರೇಷನ್‌ಗೆ ಮುಂಚೆ ಡಾಕ್ಟರು ಆ ಎಳೆಗೆ ಪೆಟ್ಟು ಬೀಳಬಹುದು ಅಂತ ಹೇಳಿಯೇ ಇದ್ದರು. ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಎರಡು ತಿಂಗಳು ನಾಲಿಗೆಯ ಎಡಬದಿಗೆ ತಿಳಿಸಾರೂ ತುಕ್ಕು ಹಿಡಿದ ಕಬ್ಬಿಣದ ಹಾಗೆ. ಸುಮ್ನೆ ನಿನ್ನಮ್ಮನ ಒಗ್ಗರಣೆಯನ್ನು ಬೈದೆ. ಆ ಬಾಕಿ ಇನ್ನೂ ತೀರಿಲ್ಲ.

ಈಗ ನಿನ್ನ ವಿಷಯ. ಹೆದರಿದಾಗ ಮಿದುಳಿನ ಮೇಲಿನ ಭಾಗಗಳು ಬುಡದ ಆ ಎರಡು ಗುಂಪುಗಳನ್ನು ಅದುಮಿ ಹಿಡಿಯುತ್ತವೆ. ನಲ್ಲಿ ನಿಲ್ಲುತ್ತದೆ. ಬೆನ್ನುಹುರಿಯ ಕಡೆಯಿಂದ ಬರುವ ಇನ್ನೊಂದು ಬಗೆಯ ನರಗಳೂ ಈ ಗ್ರಂಥಿಗಳಿಗಿವೆ. ಅವು ಜೊಲ್ಲನ್ನು ನಿಲ್ಲಿಸುವುದಿಲ್ಲ. ಆದರೆ ತರಿಸುವುದು ಸ್ವಲ್ಪವೇ, ಅದೂ ಮಂದ, ಅಂಟು ಅಂಟು. ನಾಲಿಗೆ ಅಂಟದೆ ಇನ್ನೇನು ಮಾಡೀತು? 'ಬಾಯ ಪಸೆ ಆರಿತು' ಅಂತ ನಮ್ಮವರು ಸುಮ್ಮನೆ ಹೇಳಲಿಲ್ಲ.

ಹಳೆಯ ಧರ್ಮಶಾಸ್ತ್ರಗಳಲ್ಲಿ ತಂಡುಲ ದಿವ್ಯ ಅಂತ ಒಂದು ಪರೀಕ್ಷೆ ಇದೆ. ಕಳ್ಳತನದ ಆರೋಪ ಹೊತ್ತವನಿಗೆ ಅಕ್ಕಿ ಜಗಿಸಿ ಎಲೆಯ ಮೇಲೆ ಉಗುಳಿಸುವುದು. ರಕ್ತ ಕಂಡರೆ, ಮೈ ನಡುಗಿದರೆ ಅವನೇ ಕಳ್ಳ. ಒಣಗಿದ ಬಾಯಲ್ಲಿ ಗಟ್ಟಿ ಅಕ್ಕಿ ಒಸಡನ್ನು ಕೆರೆಯದೆ ಬಿಟ್ಟೀತೇ ಅನ್ನುವುದು ನನ್ನ ಲೆಕ್ಕ. ಆದರೆ ಊರಿನವರೆಲ್ಲ ಸುತ್ತ ನಿಂತು ದಿಟ್ಟಿಸುತ್ತಿದ್ದರೆ ಏನೂ ಕದಿಯದವನ ಬಾಯಿಯೂ ಒಣಗುತ್ತದಲ್ಲಾ ಪುಟ್ಟಿ. ಇದನ್ನು ಓದಿದಾಗಲೆಲ್ಲ ಆ ನಿರಪರಾಧಿಗಳು ಎಷ್ಟು ಜನರೋ ಅಂತ ಹೊಟ್ಟೆ ಚುರುಕ್ ಅನ್ನುತ್ತದೆ.

ಇನ್ನೊಂದು. ಹಿಂದಿನ ರಾತ್ರಿ ನೆಗಡಿಗೆ ಮಾತ್ರೆ ನುಂಗಿದ್ದೆಯಂತೆ, ಅಮ್ಮ ಹೇಳಿದಳು. ನಿದ್ದೆ ಬರಿಸುವ ನೆಗಡಿ ಮಾತ್ರೆಗಳಲ್ಲಿ ಹಲವು ಆ ಅಸಿಟೈಲ್‌ಕೋಲಿನ್‌ಗೇ ಅಡ್ಡ ನಿಲ್ಲುತ್ತವೆ. ಅಂದರೆ ಪೂರ್ತಿ ತಪ್ಪು ನಿನ್ನ ಭಯದ್ದೂ ಅಲ್ಲದಿರಬಹುದು.

ಮುಂದಿನ ಸಲ ನಿನ್ನ ಸರದಿಗೆ ಹತ್ತು ನಿಮಿಷ ಮುಂಚೆ ಏನಾದರೂ ಹುಳಿಯಾದದ್ದನ್ನು ಜಗಿ. ಜಗಿಯುವುದಕ್ಕೂ ಆ ನಲ್ಲಿ ಬಿಚ್ಚುತ್ತದೆ. ಶನಿವಾರದ ಬಸ್ಸಿನಲ್ಲಿ ಒಣಗಿಸಿದ ನೆಲ್ಲಿಕಾಯಿ ಡಬ್ಬ ಕಳಿಸುತ್ತೇನೆ. ರೂಮಿನವರಿಗೆ ಎಲ್ಲ ಹಂಚಿಬಿಡಬೇಡ.

ನಿನ್ನ
ಅಪ್ಪ